ಗುರುವಾರದ ಸಾರು

ನಮ್ಮೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಉಪ್ಪಿಲ್ಲದ ಉಪ್ಪಿಟ್ಟು ಮಾಡುತ್ತಾರೆ. ಹುಡುಗ ಹುಡುಗಿ ಇಬ್ಬರಿಗೂ ಒಂದೇ ಬಾಣಲೆಯದು, ಹಿರಿಯರ ಎದುರಿಗೇ ತಿನ್ನಬೇಕು. ಮೊದಲ ತುತ್ತಿಗೆ ಮುಖ ಕಿವುಚಿ ಸ್ವಲ್ಪ ಉಪ್ಪು ಬೇಕೆಂದು ಕೇಳಿದವರ ಮನಸ್ಸು ಖಾಲಿ ಇದೆ, ಮಾತು ಮುಂದುವರಿಸಬಹುದು. ಒಂದೂ ಮಾತಾಡದೆ ತಟ್ಟೆ ಮುಗಿಸಿ ಕೈ ತೊಳೆದುಕೊಂಡವರ ಮನಸ್ಸು ಆಗಲೇ ಬೇರೆ ಯಾರ ಹಿಂದೆಯೋ ಹೋಗಿದೆ. ಬಂದವರು ಬೇಸರ ಮಾಡಿಕೊಳ್ಳದೆ ಎಲೆಯಡಿಕೆ ಹಾಕಿಕೊಂಡು ಎದ್ದುಹೋಗುತ್ತಾರೆ. ಪ್ರೀತಿ ಬಂದವರ ನಾಲಿಗೆಗೆ ಉಪ್ಪು ಹತ್ತುವುದಿಲ್ಲ. ಹುಳಿ, ಖಾರ, ಸಿಹಿ ಎಲ್ಲ ತಿಳಿಯುತ್ತದೆ, ಉಪ್ಪೊಂದು ತಿಳಿಯುವುದಿಲ್ಲ. ಆದರೆ ಮೈಗೆ ತಿಳಿಯುತ್ತದೆ, ಬಾಯಾರಿಕೆ ಬಿಡುವುದಿಲ್ಲ. ಅದಕ್ಕೇ ವಯಸ್ಸಿಗೆ ಬಂದ ಮಕ್ಕಳಿರುವ ತಾಯಂದಿರು ಇಲ್ಲಿ ಮಕ್ಕಳ ಮೇಲೆ ಕಣ್ಣಿಡುವುದಿಲ್ಲ, ನೀರಿನ ಬಿಂದಿಗೆಯ ಮೇಲೆ ಇಡುತ್ತಾರೆ.

ಮದುವೆಯಾದ ಮೇಲೆ ಹೊಸ ಸೊಸೆ ಯಾವತ್ತು ಸಾರಿಗೆ ಉಪ್ಪು ಹೆಚ್ಚು ಮಾಡುತ್ತಾಳೆಂದು ಅತ್ತೆ ಕಾಯುತ್ತಾಳೆ. ಮಾಡಿದ ದಿನ ಆ ಸಾರನ್ನು ಸಣ್ಣ ಸಣ್ಣ ಲೋಟಗಳಲ್ಲಿ ಬೀದಿಗೆಲ್ಲ ಹಂಚುತ್ತಾರೆ. ಕುಡಿದವರು ಥೂ ಎಂದು ನಗುತ್ತಾರೆ, ಸೊಸೆ ಒಳಗೆ ಓಡುತ್ತಾಳೆ. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಎಲ್ಲರಿಗೂ ಉಪ್ಪು ಮತ್ತೆ ಹತ್ತುತ್ತದೆ. ಅದಕ್ಕೆ ಯಾರೂ ಅಳುತ್ತ ಕೂರುವುದಿಲ್ಲ. ನಮಗೂ ಹತ್ತಿತು ಎಂದು ನಲ್ಲಿಯ ಹತ್ತಿರ ಹೇಳಿಕೊಂಡು, ಕೊಡ ಸೊಂಟಕ್ಕೇರಿಸಿ ಮನೆಗೆ ಹೋಗುತ್ತಾರೆ.

ನನಗೆ ಮಾತ್ರ ಹತ್ತಿರಲಿಲ್ಲ. ನನ್ನ ಹೆಸರು ನೀಲಾಂಬಿಕೆ, ಪ್ರೇಮ ಕಾದಂಬರಿ ಬರೆಯುತ್ತೇನೆ. ಇಪ್ಪತ್ತಾರು ಮುಗಿದಿವೆ, ಇಪ್ಪತ್ತೇಳನೆಯದು ಊರಿನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದೆ. ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ನನ್ನ ಫೋಟೋ, ಅದರ ಕೆಳಗೆ ಒಂದೇ ಸಾಲು: 'ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಉಪ್ಪು ಹತ್ತದ ಲೇಖಕಿ'. ಫೋಟೋ ಹಳೆಯದೇ, ವರ್ಷದ ಸಂಖ್ಯೆಯನ್ನು ಮಾತ್ರ ತಿದ್ದುತ್ತಾರೆ. ಹೊಸದಾಗಿ ಮದುವೆಯಾದವರು ನಮ್ಮ ಮನೆಗೆ ಬಂದು ನಮ್ಮಿಬ್ಬರಿಗೂ ನಮಸ್ಕಾರ ಮಾಡಿ ಹೋಗುವ ರೂಢಿಯಿದೆ. ಇಬ್ಬರಿಗೂ ಎಂದರೆ ನನಗೆ ಮತ್ತು ನಮ್ಮ ಯಜಮಾನರಿಗೆ.

ಯಜಮಾನರ ಹೆಸರು ಚನ್ನವೀರಪ್ಪ. ಕೈಗಾರಿಕಾ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರಾಗಿದ್ದರು, ಈಗ ನಿವೃತ್ತರು. ಮಾತು ಕಡಿಮೆ, ಅಳತೆ ಜಾಸ್ತಿ. ಬಲಗಿವಿಯ ಮೇಲೆ ಒಂದು ಪೆನ್ಸಿಲ್ ಸದಾ ಇರುತ್ತದೆ, ಮದುವೆಯ ಮಂಟಪದಲ್ಲೂ ಇತ್ತು. ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಓದುಗರು ಕೇಳಿದಾಗ ನಾನು ಬೆಳದಿಂಗಳು, ಹೊಳೆದಂಡೆ ಎಂದೆಲ್ಲ ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಇಪ್ಪತ್ತಾರು ನಾಯಕರಲ್ಲಿ ಡಾಕ್ಟರಿದ್ದಾನೆ, ವಿಮಾನ ನಡೆಸುವವನಿದ್ದಾನೆ, ಒಬ್ಬ ಸರ್ಕಸ್ಸಿನವನೂ ಇದ್ದಾನೆ. ಅಷ್ಟೂ ಜನರ ಕಿವಿಯ ಮೇಲೆ ಒಂದೊಂದು ಪೆನ್ಸಿಲ್ ಇದೆ, ಅಷ್ಟೂ ಜನರ ಅಂಗಿಗೆ ಹತರಿ ಹೊಡೆದು ನುಣುಪು ಮಾಡಿದ ಮರದ ವಾಸನೆ. ಇದನ್ನು ಇದುವರೆಗೆ ಯಾರೂ ಗಮನಿಸಿಲ್ಲ.

ನಮ್ಮ ಮನೆಯಲ್ಲಿ ಅಡುಗೆ ಅವರದೇ. ಉಪ್ಪು ತಿಳಿಯದವಳು ಅಡುಗೆ ಮಾಡಿದರೆ ಹೇಗೆ ಎಂದು ಮದುವೆಯಾದ ವರ್ಷವೇ ಸೌಟು ಕಿತ್ತುಕೊಂಡವರು ಮತ್ತೆ ಕೊಡಲಿಲ್ಲ. ತಮಗೂ ತಿಳಿಯುವುದಿಲ್ಲ, ಆದರೆ ತಾವು ಚಮಚೆಯಲ್ಲಿ ಅಳೆದು ಹಾಕುವುದಾಗಿ ಹೇಳಿದರು. ಬೆಳಿಗ್ಗೆ ಕಾಫಿಯಾದ ಮೇಲೆ ಉಳಿಯಿಂದ ಏಳು ಪೆನ್ಸಿಲ್ ಚೂಪು ಮಾಡಿ ನನ್ನ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ನಾನು ಅವರ ಶಾಲೆಯ ಹಳೆಯ ನಕ್ಷೆ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತೇನೆ. ಹನ್ನೊಂದು ಗಂಟೆಗೆ ಏಳೂ ಪೆನ್ಸಿಲ್ ಮೊಂಡಾಗಿರುತ್ತವೆ, ಆಮೇಲೆ ಕುಳಿತರೂ ಒಂದಕ್ಷರ ಬರುವುದಿಲ್ಲ.

ಕಂತು ಮುಗಿಯುವುದು ಮಂಗಳವಾರ. ಮೊದಲು ಓದುವವರು ಅವರೇ. ಪ್ರೀತಿಯ ಸನ್ನಿವೇಶ ನಿಜವಾಗಿ ಕೂತಿದ್ದರೆ, ಓದಿದವರ ನಾಲಿಗೆಗೂ ಮರುದಿನದವರೆಗೆ ಉಪ್ಪು ಹತ್ತುವುದಿಲ್ಲ, ಅದು ನಮ್ಮೂರಿನಲ್ಲಿ ಕಾದಂಬರಿಗೆ ಇರುವ ಪರೀಕ್ಷೆ. ಅವರಿಗಂತೂ ಮೊದಲೇ ಹತ್ತುವುದಿಲ್ಲವಲ್ಲ, ಆದರೂ ಓದಿದ ಮೇಲೆ ಅಳತೆಯ ಲೆಕ್ಕವೇ ತಪ್ಪಿಹೋಗುತ್ತದೆ ಎನ್ನುತ್ತಿದ್ದರು. ಊಟಕ್ಕೆ ಕೂತಾಗ 'ಇವತ್ತು ಕೈ ತಪ್ಪಿತು ಕಣೆ, ಎರಡು ಸಲ ಹಾಕಿಬಿಟ್ಟೆ' ಎಂದು ನಾಚಿಕೊಂಡವರ ಹಾಗೆ ಹೇಳುತ್ತಿದ್ದರು. ಆ ಮಾತು ಕೇಳಲೆಂದೇ ನಾನು ಮಂಗಳವಾರಕ್ಕೆ ಕಾಯುತ್ತಿದ್ದೆ.

ಪತ್ರಿಕೆ ಹೊರಗೆ ಬರುವುದು ಗುರುವಾರ ಹನ್ನೊಂದಕ್ಕೆ. ಸಾರು ಇಳಿಸುವ ಹೊತ್ತಿಗೆ ಸರಿಯಾಗಿ. ಒಲೆಯ ಮುಂದೆ ನಿಂತೇ ಓದುತ್ತಾರೆ, ಓದಿದವರು ಉಪ್ಪು ಎಷ್ಟು ಹಾಕಿದರೂ ಸಪ್ಪೆ ಎನ್ನಿಸಿ ಇನ್ನಷ್ಟು ಹಾಕುತ್ತಾರೆ, ಒಂದು ಗಂಟೆಗೆ ಊಟಕ್ಕೆ ಬಂದ ಗಂಡಸರು ಕೂಗಾಡುತ್ತಾರೆ. ಕೂಗಾಡಿ ಸುಮ್ಮನಾಗದೆ ಪತ್ರಿಕೆಯ ಕಚೇರಿಯ ಮುಂದಿನ ಡಬ್ಬಕ್ಕೆ ದೂರು ಬರೆದು ಹಾಕಿ ಹೋಗುತ್ತಾರೆ. ಸಂಪಾದಕ ತಿಪ್ಪೇರುದ್ರಯ್ಯನವರು ಮೂರು ಗಂಟೆಗೆ ಡಬ್ಬ ತೆಗೆದು ಆ ಚೀಟಿಗಳನ್ನು ತಂತಿಗೆ ಚುಚ್ಚಿಡುತ್ತಾರೆ. ನಲವತ್ತು ದೂರು ಬಂದರೆ ಒಳ್ಳೆಯ ಕಂತು. ನನ್ನ ಹತ್ತೊಂಬತ್ತನೆಯ ಕಾದಂಬರಿಯ ಕೊನೆಯ ಕಂತಿಗೆ ನೂರಾ ಆರು ಬಂದಿದ್ದವು. ತಿಪ್ಪೇರುದ್ರಯ್ಯನವರ ನಾಲಿಗೆಗೆ ಮಾತ್ರ ಯಾವ ಕಂತೂ ಏನೂ ಮಾಡುವುದಿಲ್ಲ. ಇಪ್ಪತ್ತು ವರ್ಷ ಪ್ರೂಫ್ ತಿದ್ದಿ ತಿದ್ದಿ ಪ್ರೇಮದ ಮಾತಿಗೆ ಅವರ ಮನಸ್ಸು ಮರಗಟ್ಟಿದೆ, ನಾಲಿಗೆ ಮಾತ್ರ ಚುರುಕು, ಉಪ್ಪಿನ ಒಂದು ಹರಳು ಹೆಚ್ಚಾದರೂ ತಾವು ಹೇಳಿಬಿಡುವುದಾಗಿ ಜಂಬ ಕೊಚ್ಚಿಕೊಳ್ಳುತ್ತಾರೆ.

ಈ ಕಾದಂಬರಿಗೆ ಮೊದಮೊದಲು ನಲವತ್ತು, ಮೂವತ್ತೆಂಟು ಬರುತ್ತಿದ್ದ ದೂರು ಹನ್ನೊಂದನೆಯ ಕಂತಿಗೆ ಒಂಬತ್ತಾಯಿತು, ಹನ್ನೆರಡನೆಯದಕ್ಕೆ ನಾಲ್ಕು. ತಿಪ್ಪೇರುದ್ರಯ್ಯನವರು ಮನೆಗೆ ಬಂದು, ಸೆಕೆಗಾಲ ಅಲ್ಲವೇ ಅಮ್ಮಾ, ಜನಕ್ಕೆ ದೂರು ಬರೆಯಲೂ ಬೇಸರ ಎಂದು ಸಮಾಧಾನ ಹೇಳಿದರು. ಸಮಾಧಾನ ಹೇಳಲು ಮನೆತನಕ ಬಂದರಲ್ಲ ಎಂಬುದೇ ನನ್ನ ನಿದ್ದೆ ಕೆಡಿಸಿತು. ನಾನು ಮೊದಲೇ ಚಿಂತೆಯ ಪ್ರಾಣಿ. ಬಾಗಿಲ ಚಿಲಕ ಹಾಕಿ ಮೂರು ಸಲ ಎಳೆದು ನೋಡುತ್ತೇನೆ, ಕುಕ್ಕರ್ ಕೂಗದಿದ್ದರೆ ಸಿಡಿಯುತ್ತದೆ ಎಂದು ಹೆದರುತ್ತೇನೆ, ಕೂಗಿದರೆ ಬೆಚ್ಚುತ್ತೇನೆ.

ಹೀಗಿರುವಾಗ ಆ ಶುಕ್ರವಾರ ಪಕ್ಕದ ಮನೆಯ ಸರ್ವಮಂಗಳಾ ಗೇಟಿನ ಹತ್ತಿರ ಬಂದು ಕರೆದಳು. ಅವಳ ಹೊಸ ಸೊಸೆ ಅವತ್ತು ಸಾರಿಗೆ ಉಪ್ಪು ಜಡಿದಿದ್ದಳು. ಅತ್ತೆಯ ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಸಣ್ಣ ಲೋಟಗಳು, ಮುಖದಲ್ಲಿ ಹಬ್ಬ. ನಾನು ಹೊರಗೆ ಏನೂ ತಿನ್ನುವವಳಲ್ಲ. ಏಳು ವರ್ಷದ ಹಿಂದೆ ಒಂದು ದಿನ ಕಣ್ಣು ಕತ್ತಲೆ ಬಂದು ಮೇಜಿನ ಮೇಲೆ ತಲೆಯಿಟ್ಟವಳನ್ನು ಯಜಮಾನರು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದರು. ಬರೀ ನಿಶ್ಶಕ್ತಿ, ದಿನಾ ಒಂದು ಶಕ್ತಿಮಾತ್ರೆ, ಹೊರಗಿನ ಊಟ ಬೇಡ ಎಂದು ಅವತ್ತಿನಿಂದ ನಿಯಮ. ಮದುವೆಮನೆಗೂ ನನ್ನ ಡಬ್ಬಿ ಅವರ ಕೈಯಲ್ಲಿ ಬರುತ್ತದೆ, ನಾನು ಅಲ್ಲಿ ಮುಟ್ಟುವುದು ಒಂದು ತುಣುಕು ಸಿಹಿ ಮಾತ್ರ. ಅವತ್ತು ಅವರು ಮನೆಯಲ್ಲಿರಲಿಲ್ಲ. ಊರಿನ ನೀರಿನ ಟ್ಯಾಂಕಿಗೆ ಅವರೇ ಮಾಡಿಕೊಟ್ಟ ಮರದ ಅಳತೆಕೋಲಿಗೆ ಬಣ್ಣ ಬಳಿಯಲು ಹೋಗಿದ್ದರು. ಶುಭದ ಸಾರನ್ನು ಬೇಡ ಎನ್ನಬಾರದೆಂದು ಒಂದು ಲೋಟ ತೆಗೆದುಕೊಂಡು ಬಾಯಿಗೆ ಹಾಕಿದೆ.

ಉಪ್ಪು. ಸುಣ್ಣ ಸವರಿದ ಹಾಗೆ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಮೂವತ್ತೊಂದು ವರ್ಷದ ಮೇಲೆ ಆ ರುಚಿ. ಸರ್ವಮಂಗಳಾ ನನ್ನ ಮುಖವನ್ನೇ ನೋಡುತ್ತಿದ್ದಳು. ಬಿಡಿ, ನಿಮಗೆಲ್ಲಿ ತಿಳಿಯುತ್ತದೆ ಎಂದು ಅವಳೇ ನಕ್ಕಳು. ನಾನೂ ನಕ್ಕೆ, ಏನೂ ತಿಳಿಯಲಿಲ್ಲ ಎಂದೆ, ಉಳಿದದ್ದನ್ನು ಒಂದೇ ಗುಟುಕಿಗೆ ನುಂಗಿದೆ. ಒಳಗೆ ಬಂದು ಬಾಗಿಲು ಹಾಕಿದವಳಿಗೆ ಚಿಲಕ ಎಳೆದು ನೋಡುವುದೂ ಮರೆತುಹೋಯಿತು.

ಹಾಗಾದರೆ ನನಗೆ ಅವರ ಮೇಲೆ ಪ್ರೀತಿ ಇಲ್ಲ. ಮೊದಲು ಬಂದ ಯೋಚನೆ ಅದೇ. ಯಾವಾಗ ಹೋಯಿತು? ನಿನ್ನೆಯೇ, ಹೋದ ತಿಂಗಳೇ? ದೂರು ಕಡಿಮೆಯಾದದ್ದು ಅದಕ್ಕೇ ಇರಬೇಕು. ಪ್ರೀತಿಯೇ ಇಲ್ಲದವಳು ಬರೆದ ಪ್ರೀತಿಗೆ ಯಾರ ಸಾರು ಕೆಟ್ಟೀತು? ಆದರೆ ಬೆಳಿಗ್ಗೆ ತಿಂದ ಉಪ್ಪಿಟ್ಟಿನಲ್ಲಿ ಉಪ್ಪು ಗೊತ್ತಾಗಿರಲಿಲ್ಲವಲ್ಲ, ಬೆಳಗಿನಿಂದ ಈಚೆಗೆ ಪ್ರೀತಿ ಹೋಗುವಂಥದ್ದು ಏನಾಯಿತು? ಅಡುಗೆಮನೆಗೆ ಹೋಗಿ ಮುಚ್ಚಿಟ್ಟಿದ್ದ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಹುಳಿ ಇದೆ, ಖಾರ ಇದೆ, ಉಪ್ಪಿಲ್ಲ. ಎದೆಗೆ ಸ್ವಲ್ಪ ಜೀವ ಬಂತು. ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಉಪ್ಪಿನ ಜಾಡಿ ತೆಗೆದೆ. ಮುಚ್ಚಳ ಬರಲಿಲ್ಲ. ಸೆರಗು ಸುತ್ತಿ ತಿರುಗಿಸಿದ ಮೇಲೆ ಬಂತು. ಒಳಗಿನ ಉಪ್ಪು ಗಟ್ಟಿಯಾಗಿ ಒಂದೇ ಇಟ್ಟಿಗೆಯಾಗಿತ್ತು, ಮುಚ್ಚಳದ ಅಂಚಿಗೆ ಧೂಳು ಮೆತ್ತಿತ್ತು, ಧೂಳಿನಲ್ಲಿ ಒಂದು ಸತ್ತ ಜಿರಳೆ. ವರ್ಷಗಟ್ಟಲೆ ಯಾರೂ ಅದಕ್ಕೆ ಕೈ ಹಾಕಿರಲಿಲ್ಲ.

ಸೌಟಿನ ಹಿಡಿಯಿಂದ ಕುಟ್ಟಿ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟೆ. ಉಪ್ಪು, ಸ್ಪಷ್ಟವಾದ ಉಪ್ಪು.

ಅಲ್ಲೇ ನೆಲದ ಮೇಲೆ ಕೂತೆ. ಈ ಮನೆಯ ಸಾರಿನಲ್ಲಿ ಉಪ್ಪು ನನಗೆ ಹತ್ತುತ್ತಿರಲಿಲ್ಲ ಎನ್ನುವುದಲ್ಲ, ಉಪ್ಪೇ ಇರಲಿಲ್ಲ. ಸಪ್ಪೆ ಸಾರು ಉಂಡುಕೊಂಡು ನಾನು ಪ್ರೀತಿಯಲ್ಲಿದ್ದೇನೆ ಎಂದು ಬೀಗುತ್ತಿದ್ದೆ, ಪುಸ್ತಕದ ಹಿಂದೆ ಅಚ್ಚು ಹಾಕಿಸುತ್ತಿದ್ದೆ. ಉಪ್ಪು ನನಗೆ ಯಾವತ್ತಿನಿಂದ ಹತ್ತುತ್ತಿತ್ತೋ ದೇವರೇ ಬಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. 'ಕೈ ತಪ್ಪಿತು ಕಣೆ, ಎರಡು ಸಲ ಹಾಕಿಬಿಟ್ಟೆ.' ಪ್ರತಿ ಮಂಗಳವಾರ ನನ್ನ ಮುಖ ನೋಡಿ ಹೇಳುತ್ತಿದ್ದರು, ಮುಚ್ಚಳವೇ ಬಾರದ ಈ ಜಾಡಿಯಿಂದ ಎರಡು ಸಲ. ನನಗೆ ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ, ಎರಡೂ ಒಟ್ಟಿಗೆ ಬಂದವು. ಜಾಡಿಯನ್ನು ಇದ್ದಲ್ಲೇ ಇಟ್ಟೆ.

ಸಂಜೆ ಅವರು ಬಂದರು. ನಾನು ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಹೇಳಿಬಿಡುತ್ತಾರಲ್ಲ ಎಂಬ ಭಯ. ಶನಿವಾರ ಬರೆಯಲು ಕುಳಿತೆ. ನನ್ನ ನಾಯಕಿ ಹೇಮಾವತಿಯನ್ನು ಹೊಳೆದಂಡೆಯ ಮೇಲೆ ನಿಲ್ಲಿಸಿ ಹೋದ ವಾರ ಬಿಟ್ಟಿದ್ದೆ, ನಾಯಕ ದೋಣಿಯಿಂದ ಇಳಿದು ಬರಬೇಕಿತ್ತು. ಏಳು ಪೆನ್ಸಿಲ್ ಏಳೂ ಚೂಪಾಗಿಯೇ ಉಳಿದವು. ಭಾನುವಾರವೂ ಅವನು ದೋಣಿಯಿಂದ ಇಳಿಯಲಿಲ್ಲ. ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದವರ ಬೆನ್ನು ನನ್ನ ಮೇಜಿನಿಂದ ಕಾಣುತ್ತದೆ. ಆ ಬೆನ್ನು ನೋಡುತ್ತ ನನಗೆ ಒಂದೇ ಯೋಚನೆ: ಇವರೂ ಅದೇ ಸಪ್ಪೆ ಸಾರು ಉಣ್ಣುತ್ತಾರೆ, ಒಂದು ದಿನವೂ ಸಪ್ಪೆ ಎಂದಿಲ್ಲ. ಹಾಗಾದರೆ ಇವರಿಗೆ ಇನ್ನೂ ಉಪ್ಪು ಹತ್ತುವುದಿಲ್ಲ. ಇವರಿಗೆ ನನ್ನ ಮೇಲೆ ಪ್ರೀತಿ ಇದೆ, ನನಗೇ ಇಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಯೋಚನೆ ಬರುತ್ತಿತ್ತು: ಅಥವಾ ಇವರಿಗೂ ಹತ್ತುತ್ತದೆ, ಇಬ್ಬರೂ ಬರೀ ನಾಟಕ. ಯಾವುದು ಹೆಚ್ಚು ಕೆಟ್ಟದ್ದು ಎಂದು ತೀರ್ಮಾನಿಸಲಾಗದೆ ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡೆ.

ಸೋಮವಾರ ಮಧ್ಯಾಹ್ನ ತಡೆಯಲಾಗಲಿಲ್ಲ. ಅವರು ಹಿತ್ತಲಿನಲ್ಲಿ ಹಲಗೆಗೆ ಹತರಿ ಹೊಡೆಯುತ್ತಿದ್ದರು, ಬಿಸಿಲು ಧಗಧಗ. ಜಾಡಿಯ ಇಟ್ಟಿಗೆಯಿಂದ ನಿಂಬೆಹಣ್ಣಿನ ಗಾತ್ರದ್ದು ಮುರಿದು ಪುಡಿ ಮಾಡಿ ದೊಡ್ಡ ಲೋಟದ ಮಜ್ಜಿಗೆಗೆ ಅಷ್ಟನ್ನೂ ಕಲಸಿದೆ. ಮೇಲೆ ಕರಿಬೇವು, ಇಂಗು, ಒಳ್ಳೆಯ ಹೆಂಡತಿಯ ಹಾಗೆ. ಮಜ್ಜಿಗೆ ಎಂದು ಕೊಟ್ಟೆ.

ಅವರು ಲೋಟ ಎತ್ತಿ ಒಂದು ಗುಟುಕು ಕುಡಿದರು. ಎಡಗಣ್ಣು ಮುಚ್ಚಿತು. ಅದೊಂದು ಅವರ ಕೈಮೀರಿದ ವಿಷಯ, ಬೆರಳಿಗೆ ಉಳಿ ತಾಗಿದರೂ ಮುಖದಲ್ಲಿ ಬೇರೆ ಯಾವ ಗುರುತೂ ಕಾಣದು, ಎಡಗಣ್ಣು ಮಾತ್ರ ಮುಚ್ಚುತ್ತದೆ. ಒಂದು ಕ್ಷಣ ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮತ್ತೆ ಎತ್ತಿದರು. ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು, ನಾನು ಎಣಿಸುತ್ತ ನಿಂತೆ. ತಳದ ಹರಳೂ ಬಿಡದೆ ಕುಡಿದು, ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು 'ಚೆನ್ನಾಗಿದೆ' ಎಂದರು. 'ಇನ್ನರ್ಧ ಲೋಟ ಇದ್ರೆ ಕೊಡು.'

ನನ್ನ ಕಟ್ಟೆ ಒಡೆಯಿತು. ನಿಮಗೆ ಉಪ್ಪು ಹತ್ತುತ್ತೆ ತಾನೆ ಎಂದು ಕೇಳಿದೆ. ಅವರು ಹಲಗೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಸರಿಸಿದರು.

'ಹತ್ತುತ್ತೆ' ಎಂದರು.

'ಯಾವಾಗಿಂದ?'

'ಮದುವೆಯಾಗಿ ನಾಲ್ಕನೇ ವರ್ಷಕ್ಕೆ. ಎಲ್ಲರ ಹಾಗೇನೇ.'

ಇಪ್ಪತ್ತೇಳು ವರ್ಷ. ನಾನು ಬಾವಿಯ ಕಟ್ಟೆ ಹಿಡಿದುಕೊಂಡು ಕೂತೆ. ಮಾತು ಕಡಿಮೆಯ ಮನುಷ್ಯ ಅವತ್ತು ಒಂದಿಷ್ಟು ಮಾತಾಡಿದರು. ನೀನು ಅಷ್ಟು ಸಂತೋಷವಾಗಿ ಬರೀತಿದ್ದೆ, ಹೇಳಿದರೆ ಪೆನ್ಸಿಲ್ ಕೆಳಗಿಡ್ತೀಯ ಅನ್ನಿಸಿತು ಎಂದರು. ಅಲ್ಲಿಂದಾಚೆಗೆ ಚಮಚೆ ಗಿಮಚೆ ಸುಳ್ಳು, ನಾಲಿಗೆಯಲ್ಲೇ ನೋಡಿ ಹಾಕುತ್ತಿದ್ದರಂತೆ. ಆಮೇಲೆ ನನಗೆ ಕಣ್ಣು ಕತ್ತಲೆ ಬಂತಲ್ಲ, ಅವತ್ತು ಡಾಕ್ಟರಮ್ಮ ಅವರನ್ನು ಬೇರೆ ಕರೆದು ಹೇಳಿದ್ದು ನಿಶ್ಶಕ್ತಿಯನ್ನಲ್ಲ, ರಕ್ತದ ಒತ್ತಡವನ್ನು. ಉಪ್ಪು ಪೂರ್ತಿ ಬಿಡಿಸಬೇಕು, ಆದರೆ ಚಿಂತೆ ಮಾಡುವ ಹೆಂಗಸು, ಅವರಿಗೆ ತಿಳಿದರೆ ಒತ್ತಡ ಅದಕ್ಕೇ ಏರುತ್ತದೆ ಎಂದಿದ್ದರಂತೆ. ಹೇಗೂ ನಿನಗೆ ಉಪ್ಪು ತಿಳಿಯೋದಿಲ್ಲ, ನಿಲ್ಲಿಸಿದರೆ ಗೊತ್ತಾಗೋದೂ ಇಲ್ಲ ಅಂದುಕೊಂಡೆ ಎಂದು ಅವರು ಹೇಳುವಾಗ, ಒಂದು ಸಣ್ಣ ಲೆಕ್ಕ ಸರಿಹೋದ ಸಮಾಧಾನ ಅವರ ದನಿಯಲ್ಲಿತ್ತು.

'ಮತ್ತೆ ನೀವು? ಏಳು ವರ್ಷ ಆ ಸಪ್ಪೆ ಊಟ ಹೇಗೆ ಮಾಡಿದ್ರಿ?'

'ಮೊದಲ ಎರಡು ತಿಂಗಳು ಕಷ್ಟ ಆಯ್ತು' ಎಂದರು.

'ನಿಮ್ಮ ತಟ್ಟೆಗಾದ್ರೂ ಹಾಕ್ಕೋಬಹುದಿತ್ತಲ್ರೀ.'

ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. 'ನೀನು ಎದುರಿಗೇ ಕೂತಿರ್ತೀಯಲ್ಲೇ.'

ಅಷ್ಟು ಹೇಳಿ ಎದ್ದು ಒಳಗೆ ಹೋದರು. ಬಿಂದಿಗೆಯಿಂದ ನೀರು ಬಗ್ಗಿಸಿಕೊಳ್ಳುವ ಸದ್ದು ಒಂದು ಸಲ, ಎರಡು ಸಲ, ಮೂರು ಸಲ ಕೇಳಿತು. ನಾನು ಬಾವಿಯ ಕಟ್ಟೆಯ ಮೇಲೆ ಕೂತು ಅತ್ತೆ. ಒಂದು ತುತ್ತು ಸಪ್ಪೆಯಾದರೂ ಸಹಿಸದ ನಾಲಿಗೆಯ ಗಂಡಸರನ್ನು ಈ ಊರಿನಲ್ಲಿ ಎಷ್ಟೋ ನೋಡಿದ್ದೇನೆ. ರುಚಿ ಚೆನ್ನಾಗಿ ತಿಳಿಯುವ ಮನುಷ್ಯ ಏಳು ವರ್ಷ, ದಿನಕ್ಕೆ ಎರಡು ಹೊತ್ತು, ನನ್ನ ಎದುರಿಗೆ ಕೂತು ಸಪ್ಪೆ ಅನ್ನ ಕಲಸಿ ತಿಂದಿದ್ದಾರೆ. ಇದನ್ನು ಏನೆಂದು ಕರೆಯುವುದು? ನಮ್ಮೂರಿನ ಲೆಕ್ಕದಲ್ಲಿ ಇದು ಪ್ರೀತಿಯಲ್ಲ, ಪ್ರೀತಿ ಹೋದ ಮೇಲಿನದು. ಇಪ್ಪತ್ತಾರು ಕಾದಂಬರಿ ಬರೆದವಳ ಹತ್ತಿರ ಅದಕ್ಕೆ ಒಂದು ಮಾತೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಕುಳಿತೆ. ನಾಯಕನನ್ನು ದೋಣಿಯಿಂದ ಇಳಿಸಿದೆ, ಆದರೆ ಹೊಳೆದಂಡೆಯಲ್ಲಿ ನಿಲ್ಲಿಸಲಿಲ್ಲ, ಸೀದಾ ಮೂವತ್ತು ವರ್ಷ ಮುಂದಕ್ಕೆ ಕರೆದುಕೊಂಡು ಹೋಗಿ ಒಂದು ಹಿತ್ತಲಿನಲ್ಲಿ ಕೂರಿಸಿದೆ. ತಲೆ ನರೆತ ಹೇಮಾವತಿ ಮಜ್ಜಿಗೆ ತಂದು ಕೊಡುತ್ತಾಳೆ, ಅವನು ಕುಡಿಯುತ್ತಾನೆ. ಅಪ್ಪುಗೆಯಿಲ್ಲ, ಬೆಳದಿಂಗಳಿಲ್ಲ, ಕಂತು ಅಷ್ಟೇ. ಎಡಗಣ್ಣು ಮುಚ್ಚುವುದನ್ನೂ ಬರೆದೆ. ಹನ್ನೊಂದಕ್ಕೆ ಮೊದಲೇ ಏಳು ಪೆನ್ಸಿಲ್ ಮೊಂಡಾಗಿ, ಎಂಟನೆಯದನ್ನು ಅವರ ಕಿವಿಯಿಂದಲೇ ತೆಗೆದುಕೊಂಡೆ. ಅವರು ಓದಿದರು. ಆವತ್ತು ಕೈ ತಪ್ಪಿತು ಎನ್ನಲಿಲ್ಲ. ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸಿ, ಕೊಟ್ಟುಬಿಡು ಎಂದರು.

ಕೊಟ್ಟ ಮೇಲೆ ಶುರುವಾಯಿತು ನನ್ನ ಹಿಂಸೆ. ಉಪ್ಪು ಹತ್ತುವ ಗಂಡ, ಉಪ್ಪು ಹತ್ತುವ ಹೆಂಡತಿ, ಯಾರಿಗೆ ಬೇಕು ಇವರ ಕಥೆ? ಓದಿದವರ ನಾಲಿಗೆ ಮರೆಯುವಂಥದ್ದು ಅದರಲ್ಲಿ ಏನಿದೆ? ಒಂದೂ ದೂರು ಬಾರದಿದ್ದರೆ ನನ್ನ ಬರವಣಿಗೆ ಮುಗಿಯಿತು. ಅಷ್ಟೇ ಅಲ್ಲ, ಹಿತ್ತಲಿನಲ್ಲಿ ನಾನು ಕಂಡದ್ದು ಪ್ರೀತಿಯಲ್ಲ, ಎರಡು ಮುದಿ ಜೀವಗಳ ರೂಢಿ ಎಂದು ಊರಿಗೆ ಊರೇ ತೀರ್ಪು ಕೊಟ್ಟ ಹಾಗೆ. ಬುಧವಾರ ಎರಡು ಸಲ ಪತ್ರಿಕೆಯ ಕಚೇರಿಯ ತನಕ ಹೋಗಿ ಕಂತು ವಾಪಸ್ಸು ಕೇಳದೆ ಹಿಂದಿರುಗಿದೆ.

ಗುರುವಾರ ಹನ್ನೊಂದಕ್ಕೆ ಪತ್ರಿಕೆ ಬಂತು. ಒಂದು ಗಂಟೆಯ ಹೊತ್ತಿಗೆ ನಾನು ಕಿಟಕಿಯಲ್ಲಿ ಕಿವಿಯಿಟ್ಟು ಕೂತೆ. ಸಾಮಾನ್ಯವಾಗಿ ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಮೂರು ನಾಲ್ಕು ಮನೆಯಿಂದ ಗದ್ದಲ ಕೇಳುತ್ತದೆ. ಸರ್ವಮಂಗಳಾಳ ಗಂಡನದು ದೊಡ್ಡ ಗಂಟಲು, ತಟ್ಟೆ ತಳ್ಳಿದ ಸದ್ದು ನಮ್ಮ ಮನೆಗೇ ಬರುತ್ತದೆ. ಅವತ್ತು ಒಂದೂ ಸದ್ದಿಲ್ಲ. ಎಲ್ಲರ ಮನೆಯಲ್ಲೂ ಊಟ ಸುಸೂತ್ರವಾಗಿ ನಡೆಯುತ್ತಿತ್ತು.

ನಾಲ್ಕು ಗಂಟೆಗೆ ತಿಪ್ಪೇರುದ್ರಯ್ಯನವರು ಬಂದರು. ಅವರ ಮುಖ ನೋಡಿಯೇ ಗೊತ್ತಾಯಿತು. ಚಪ್ಪಲಿ ಬಿಟ್ಟು ಕೂತವರು ಮೊದಲು ಒಂದು ಲೋಟ ನೀರು ಕೇಳಿದರು. ಕುಡಿದು, 'ಒಂದೂ ಇಲ್ಲ ಅಮ್ಮಾ. ಡಬ್ಬ ಖಾಲಿ' ಎಂದರು. ಇಪ್ಪತ್ತು ವರ್ಷದಲ್ಲಿ ಡಬ್ಬ ಖಾಲಿಯಿದ್ದ ಗುರುವಾರ ಇದೇ ಮೊದಲು. ಕೀಲಿ ತೆಗೆದು ಒಳಗೆ ಕೈಯಾಡಿಸಿ ನೋಡಿದರಂತೆ. ಕಾದಂಬರಿಯನ್ನು ಇನ್ನು ಎರಡು ಕಂತಿಗೆ ಮುಗಿಸಿಬಿಡೋಣ, ಹೊಸ ಪುಸ್ತಕದ ಹಿಂದೆ ಆ ಸಾಲು ಹಾಕುವುದೋ ಬೇಡವೋ ಆಮೇಲೆ ಯೋಚಿಸೋಣ ಎಂದು ನನ್ನ ಮುಖ ನೋಡದೆ ಹೇಳಿದರು. ಇನ್ನೊಂದು ಲೋಟ ನೀರು ಕೇಳಿದರು. ನಮ್ಮ ಯಜಮಾನರು ತಂದುಕೊಟ್ಟರು. ನಾನು ತಲೆಯಾಡಿಸುತ್ತಿದ್ದೆ. ಆ ಸಾಲು ತೆಗೆಯಬೇಕಾದ್ದೇ, ಅದು ಸುಳ್ಳು ಎಂದು ಹೇಳಬೇಕೆನ್ನಿಸಿತು.

ಆಗ ಗೇಟು ಸದ್ದಾಯಿತು. ಊರಿಗೆ ನೀರು ಬಿಡುವ ಶಿವನಂಜ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಮೇಷ್ಟ್ರು ಇದ್ದಾರಾ ಎಂದ. ಟ್ಯಾಂಕಿನ ಅಳತೆಕೋಲು ಬಣ್ಣ ಬಳಿದ ಮೇಲೆ ಕೆಟ್ಟಿರಬೇಕು, ಬಂದು ನೋಡಿ ಎಂದು ದುಂಬಾಲು ಬಿದ್ದ. ಬೆಳಿಗ್ಗೆ ತುಂಬಿಸಿದ ಟ್ಯಾಂಕು, ನಾಳೆ ಸಂಜೆಯವರೆಗೆ ಬರಬೇಕು, ಕೋಲು ನೋಡಿದರೆ ತಳ ತೋರಿಸುತ್ತಿದೆ.

'ಕೋಲು ಸುಳ್ಳು ಹೇಳಲ್ಲ' ಎಂದರು ಯಜಮಾನರು. ಎಲ್ಲೋ ಪೈಪು ಒಡೆದಿರಬೇಕು ನೋಡು ಎಂದರು.

ಶಿವನಂಜ ಅದನ್ನೂ ನೋಡಿದ್ದ. ಎರಡು ಗಂಟೆಯಿಂದ ಬೀದಿ ಬೀದಿ ಸುತ್ತಿ, ಒಂದೊಂದು ನಲ್ಲಿಯನ್ನೂ ಮುಟ್ಟಿ ಬಂದಿದ್ದ, ಎಲ್ಲೂ ತೊಟ್ಟಿಕ್ಕುತ್ತಿಲ್ಲ. ಮನೆಯವರು ಬಿಂದಿಗೆ ತುಂಬಿಸುತ್ತಾರೆ, ಒಳಗೆ ಹೋಗುತ್ತಾರೆ, ಮತ್ತೆ ಖಾಲಿ ಬಿಂದಿಗೆ ತರುತ್ತಾರೆ. ಹೆಂಗಸರು ಮಾತ್ರವಲ್ಲ, ಗಂಡಸರೇ ಹೆಚ್ಚು. ಸರ್ವಮಂಗಳಮ್ಮನವರ ಯಜಮಾನರಂತೂ ಕಂಕುಳಲ್ಲಿ ಪತ್ರಿಕೆ ಸಿಕ್ಕಿಸಿಕೊಂಡು ನಲ್ಲಿಗೇ ಬಾಯಿ ಹಚ್ಚಿ ನಿಂತಿದ್ದರು.

'ಗುರುವಾರ ಅಲ್ವಾ, ಊಟದಲ್ಲಿ ಉಪ್ಪು ಹೆಚ್ಚಾಯ್ತಾ ಅಂತ ಒಬ್ಬೊಬ್ಬರನ್ನೂ ಕೇಳಿದೆ ಮೇಷ್ಟ್ರೇ' ಎಂದ ಶಿವನಂಜ. 'ಎಲ್ಲರೂ ಒಂದೇ ಮಾತು, ಊಟ ಚೆನ್ನಾಗಿತ್ತು ಅಂತಾರೆ.'

ಯಜಮಾನರು ಕಿವಿಯ ಮೇಲಿನ ಪೆನ್ಸಿಲ್ ಮುಟ್ಟಿ ನೋಡಿಕೊಂಡರು. ನಾನು ತಿಪ್ಪೇರುದ್ರಯ್ಯನವರ ಕಡೆ ತಿರುಗಿದೆ. ಅವರ ಹೆಂಡತಿ ಗೌರಮ್ಮ ನನ್ನ ಮೊದಲ ಕಾದಂಬರಿಯಿಂದ ಒಂದು ಕಂತೂ ಬಿಟ್ಟವರಲ್ಲ, ಒಲೆಯ ಮುಂದೆಯೇ ಓದುವವರು. ಉಪ್ಪಿನ ಒಂದು ಹರಳು ಹೆಚ್ಚಾದರೂ ಹೇಳುವ ನಾಲಿಗೆಯವರು, ಮೂರನೆಯ ಸಲ ನೀರಿಗೆಂದು ಲೋಟ ಚಾಚಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು.

'ನಿಮ್ಮ ಮನೇಲಿ ಇವತ್ತು ಸಾರು ಹೇಗಿತ್ತು ತಿಪ್ಪೇರುದ್ರಯ್ಯನವರೇ?' ಎಂದು ಕೇಳಿದೆ.

ಅವರು ಖಾಲಿ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

'ಚೆನ್ನಾಗಿತ್ತು' ಎಂದರು.